ಯಾರ ಕಫ, ಯಾರ ರಕ್ತ

ನಾನು ಸಂಶೋಧನೆಗೆ ಸೇರಿದ್ದು 1990ರ ದಶಕದ ಆರಂಭದಲ್ಲಿ. ಕ್ಷಯ ಪತ್ತೆಗೆ ಹೊಸ ಪರೀಕ್ಷೆ ತರಬೇಕೆಂದು ಹೊರಟವರಿಗೆ ಆಗ ಎರಡು ದಾರಿಗಳಿದ್ದವು. ರೋಗಿಯ ರಕ್ತದಲ್ಲಿ ಪ್ರತಿಕಾಯ ಹುಡುಕುವುದು ಒಂದು, ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವುದು ಇನ್ನೊಂದು. ಮೊದಲನೆಯದಕ್ಕೆ ಎಲೈಸಾ, ಎರಡನೆಯದಕ್ಕೆ ಪಿಸಿಆರ್. ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಎರಡೂ ನಡೆಯುತ್ತಿದ್ದವು. ನನ್ನ ಪಾಲಿಗೆ ಪಿಸಿಆರ್ ಬಂತು, ಪಕ್ಕದ ಬೆಂಚಿನ ಸೀನಿಯರ್‌ಗೆ ಎಲೈಸಾ. ಈಗ ಇದೇ ಊರಿನಲ್ಲಿ, ಇದೇ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳ ಸಲಹಾ ಸಮಿತಿಯಲ್ಲಿದ್ದೇನೆ. ಎರಡು ಕಾಲವನ್ನೂ ಹತ್ತಿರದಿಂದ ಕಂಡವಳಾಗಿ ಹೇಳುವುದಾದರೆ, ಯಂತ್ರಗಳಿಗಿಂತ ಹೆಚ್ಚು ಬದಲಾಗಿರುವುದು ಮಾದರಿಯನ್ನು ಯಾರಿಂದ ತೆಗೆದುಕೊಳ್ಳುತ್ತೇವೆ ಎನ್ನುವುದು.

ಆಗ ಆಸ್ಪತ್ರೆಗಳ ಕೈಯಲ್ಲಿದ್ದದ್ದು ಕಫದ ಸ್ಲೈಡು. ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದ ವಿಷಯ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದರ ಬೆನ್ನಿಗೇ ಜೀಲ್ ಮತ್ತು ನೀಲ್ಸನ್ ಎಂಬಿಬ್ಬರು ರೂಪಿಸಿದ ಬಣ್ಣ ಹಾಕುವ ಕ್ರಮವನ್ನೇ ನಾವು ನೂರು ವರ್ಷ ಕಳೆದ ಮೇಲೂ ಮಾಡುತ್ತಿದ್ದೆವು. ಅದನ್ನು ನನಗೆ ಕಲಿಸಿದವರು ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಡಬ್ಬಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಕಫದಲ್ಲಿ ಹಳದಿಯಾಗಿ ಗಟ್ಟಿಯಾಗಿರುವ ಭಾಗ ಎಲ್ಲಿದೆ ಎಂದು ನೋಡುತ್ತಿದ್ದರು. ಪೊರಕೆಕಡ್ಡಿ ಮುರಿದು, ಅದರ ತುದಿಯಿಂದ ಆ ಭಾಗವನ್ನಷ್ಟೇ ಎತ್ತಿ ಗಾಜಿನ ಮೇಲೆ ಎರಡು ಸೆಂಟಿಮೀಟರ್ ಅಗಲ ಮೂರು ಸೆಂಟಿಮೀಟರ್ ಉದ್ದಕ್ಕೆ ಹರಡುತ್ತಿದ್ದರು. ಒಣಗಿದ ಸ್ಲೈಡಿನ ಮೇಲೆ ಕೆಂಪು ಕಾರ್ಬಾಲ್ ಫುಕ್ಸಿನ್ ತುಂಬಿ ಕೆಳಗಿನಿಂದ ಕಾಯಿಸಬೇಕು. ಹಬೆ ಏಳಬೇಕು, ಕುದಿಯಬಾರದು. ಐದು ನಿಮಿಷ ಬಿಟ್ಟು ತೊಳೆದು ಶೇಕಡ 25ರ ಗಂಧಕಾಮ್ಲ ಹಾಕಿದರೆ ಉಳಿದದ್ದೆಲ್ಲ ಬಣ್ಣ ಬಿಡುತ್ತದೆ, ಮೇಣದ ಹೊದಿಕೆಯಿರುವ ಕ್ಷಯದ ರೋಗಾಣು ಬಿಡುವುದಿಲ್ಲ. ಕೊನೆಗೆ ಮಿಥಿಲೀನ್ ಬ್ಲೂ. ಎಣ್ಣೆ ಹಾಕಿದ ಲೆನ್ಸಿನಲ್ಲಿ ನೋಡಿದರೆ ನೀಲಿ ನೆಲದ ಮೇಲೆ ತೆಳ್ಳಗಿನ, ತುಸು ಬಾಗಿದ ಕೆಂಪು ಕಡ್ಡಿಗಳು ಕಾಣುತ್ತವೆ. ನೂರು ಫೀಲ್ಡ್ ನೋಡದೆ ನೆಗೆಟಿವ್ ಎಂದು ಬರೆಯುವಂತಿರಲಿಲ್ಲ. 'ತೊಂಬತ್ತು ನೋಡಿ ಎದ್ದುಬಿಡಬೇಡ ಕಣಮ್ಮ, ಉಳಿದ ಹತ್ತರಲ್ಲೇ ಇರಬಹುದು' ಎನ್ನುತ್ತಿದ್ದರು. ಅವರ ಬೆರಳ ತುದಿಗಳು ಸದಾ ನಸುಗೆಂಪಾಗಿರುತ್ತಿದ್ದವು.

ಎಷ್ಟೇ ಶ್ರದ್ಧೆಯಿಂದ ನೋಡಿದರೂ ಸ್ಲೈಡಿಗೊಂದು ಮಿತಿ ಇದೆ. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣುಗಳಾದರೂ ಇಲ್ಲದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟ. ಕಾಯಿಲೆ ಈಗಷ್ಟೇ ಶುರುವಾದವರು, ಮಕ್ಕಳು, ಎಚ್‌ಐವಿ ಇರುವವರು, ಶ್ವಾಸಕೋಶ ಬಿಟ್ಟು ಬೇರೆ ಕಡೆ ಕ್ಷಯ ಇರುವವರು ತಪ್ಪಿಹೋಗುತ್ತಿದ್ದರು. ಅವರನ್ನು ಹಿಡಿಯಲು ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವುದು, ಬೇಕಿತ್ತು. ಅದಕ್ಕೆ ಬೇಕಾದ ಎಲ್‌ಜೆ ಮಾಧ್ಯಮದ ಮುಖ್ಯ ಸಾಮಗ್ರಿ ಕೋಳಿಮೊಟ್ಟೆ. ಮೊಟ್ಟೆಗಳನ್ನು ಸೋಪಿನಲ್ಲಿ ಉಜ್ಜಿ ತೊಳೆದು, ಸ್ಪಿರಿಟ್‌ನಲ್ಲಿ ಅದ್ದಿಟ್ಟು, ಒಂದೊಂದಾಗಿ ಒಡೆದು, ಬಟ್ಟೆಯಲ್ಲಿ ಸೋಸಿ, ಮ್ಯಾಲಕೈಟ್ ಗ್ರೀನ್ ಬೆರೆಸಿ, ಸಣ್ಣ ಬಾಟಲಿಗಳಿಗೆ ತುಂಬಿ ಓರೆಯಾಗಿ ಮಲಗಿಸಿ 85 ಡಿಗ್ರಿಯಲ್ಲಿ ಗಟ್ಟಿ ಮಾಡಬೇಕು. ಕೋಳಿಗೆ ಯಾವುದೋ ಆ್ಯಂಟಿಬಯಾಟಿಕ್ ತಿನ್ನಿಸಿದ್ದರೆ ಮಾಧ್ಯಮದಲ್ಲಿ ಏನೂ ಬೆಳೆಯುವುದಿಲ್ಲ. ಹಾಗಾಗಿ ಮೊಟ್ಟೆ ಎಲ್ಲಿಂದ ಬರುತ್ತದೆ ಎನ್ನುವುದೂ ನಮ್ಮ ಸಂಶೋಧನೆಯ ಭಾಗವಾಗಿತ್ತು. ರೋಗಾಣು ಬೆಳೆದು ಮಾಸಲು ಬಿಳುಪಿನ, ಒರಟು ಒರಟಾದ ಗುಂಪುಗಳು ಕಾಣಿಸಿಕೊಳ್ಳಲು ಮೂರರಿಂದ ಆರು ವಾರ ಬೇಕು. ಏನೂ ಬರಲಿಲ್ಲ ಎಂದು ಹೇಳಲು ಎಂಟು ವಾರ. ಯಾವ ಔಷಧಿಗೆ ಬಗ್ಗುವುದಿಲ್ಲ ಎಂದು ತಿಳಿಯಲು ಅದರ ಮೇಲೆ ಇನ್ನೂ ಕೆಲವು ವಾರ. ಅಷ್ಟರಲ್ಲಿ ರೋಗಿ ಊರಿಗೆ ಹೋಗಿರುತ್ತಿದ್ದರು, ಬೇರೆ ಡಾಕ್ಟರನ್ನು ಹಿಡಿದಿರುತ್ತಿದ್ದರು, ಕೆಲವರು ತೀರಿಕೊಂಡಿರುತ್ತಿದ್ದರು. ನಮ್ಮ ಫಲಿತಾಂಶ ರಿಜಿಸ್ಟರಿನಲ್ಲಿ ಸರಿಯಾಗಿ ಇರುತ್ತಿತ್ತು.

ಈ ಎಂಟು ವಾರವನ್ನು ಒಂದು ದಿನಕ್ಕೆ ಇಳಿಸಬಹುದು ಎಂಬ ಆಸೆಯನ್ನು ಪಿಸಿಆರ್ ಹುಟ್ಟಿಸಿತು. ಕ್ಯಾರಿ ಮುಲ್ಲಿಸ್‌ಗೆ ಆ ಯೋಚನೆ ಹೊಳೆದದ್ದು 1983ರಲ್ಲಿ, ನೊಬೆಲ್ ಸಿಕ್ಕಿದ್ದು 1993ರಲ್ಲಿ. ಆ ಹತ್ತು ವರ್ಷದಲ್ಲಿ ಅದು ಜಗತ್ತಿನ ಎಲ್ಲ ಜೀವವಿಜ್ಞಾನ ವಿಭಾಗಗಳಿಗೂ ತಲುಪಿತ್ತು. ನಮ್ಮಲ್ಲಿದ್ದ ಯಂತ್ರಕ್ಕೆ ಬಿಸಿ ಮುಚ್ಚಳ ಇರಲಿಲ್ಲ. ಟ್ಯೂಬಿನೊಳಗಿನ ನೀರು ಆವಿಯಾಗದಂತೆ ಮೇಲೆ ಒಂದು ತೊಟ್ಟು ಮಿನರಲ್ ಎಣ್ಣೆ ಬಿಡುತ್ತಿದ್ದೆವು. ಪ್ರೈಮರ್‌ಗಳು ಹೊರದೇಶದಿಂದ ಬರಬೇಕು. ಟ್ಯಾಕ್ ಕಿಣ್ವ ಡ್ರೈ ಐಸ್‌ನಲ್ಲಿ ಹೊರಟು ಕಸ್ಟಮ್ಸ್‌ನಲ್ಲಿ ಕೂತರೆ ಐಸ್ ಎಲ್ಲ ಹಾರಿಹೋಗಿ ಬಿಸಿಯಾದ ಥರ್ಮೋಕೋಲ್ ಡಬ್ಬಿ ನಮ್ಮ ಕೈಗೆ ಬರುತ್ತಿತ್ತು. ಮಧ್ಯದಲ್ಲಿ ಕರೆಂಟ್ ಹೋದರೆ ಮೂವತ್ತೈದು ಸುತ್ತುಗಳಲ್ಲಿ ಎಷ್ಟನೆಯದರಲ್ಲಿ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮತ್ತೆ ಮೊದಲಿನಿಂದ. ಜೆಲ್ ಓಡಿಸಿ, ನೇರಳಾತೀತ ಬೆಳಕಿನಲ್ಲಿಟ್ಟು, ಪೋಲರಾಯ್ಡ್ ಫೋಟೋ ತೆಗೆಯಬೇಕು. ಫಿಲ್ಮ್ ದುಬಾರಿ. ಗೈಡ್ ಒಪ್ಪಿದ ಜೆಲ್‌ಗೆ ಮಾತ್ರ ಫೋಟೋ.

ಪಿಸಿಆರ್‌ನ ಬಲವೇ ಅದರ ಕಷ್ಟ. ಒಂದು ತುಣುಕನ್ನು ಕೋಟಿಗಟ್ಟಲೆ ಮಾಡಿಕೊಡುವ ವಿಧಾನ ಅದು; ನೆನ್ನೆಯ ಟ್ಯೂಬು ತೆರೆದಾಗ ಗಾಳಿಗೆ ಹಾರಿದ ತುಣುಕನ್ನೂ ಇವತ್ತಿನ ಟ್ಯೂಬಿನಲ್ಲಿ ಕೋಟಿಗಟ್ಟಲೆ ಮಾಡಿಕೊಡುತ್ತದೆ. ಬರೀ ನೀರು ಹಾಕಿದ ಟ್ಯೂಬಿನಲ್ಲಿ ಬ್ಯಾಂಡ್ ಕಂಡರೆ ಆ ದಿನದ ಎಲ್ಲವೂ ವ್ಯರ್ಥ. ಕಫದಿಂದ ಡಿಎನ್‌ಎ ತೆಗೆಯಲು ಒಂದು ಕೋಣೆ, ಮಿಶ್ರಣ ಮಾಡಲು ಇನ್ನೊಂದು, ಜೆಲ್‌ಗೆ ಮತ್ತೊಂದು. ಕೋಟು, ಪಿಪೆಟ್ಟು ಎಲ್ಲ ಬೇರೆ ಬೇರೆ. ಮೂರನೆಯ ಕೋಣೆಗೆ ಹೋದವರು ಆ ದಿನ ಮೊದಲನೆಯದಕ್ಕೆ ವಾಪಸ್ ಬರುವಂತಿಲ್ಲ.

ನಾವು ಹಿಡಿದದ್ದು ಐಎಸ್ 6110 ಎಂಬ ತುಣುಕನ್ನು. ಕ್ಷಯದ ರೋಗಾಣುವಿನ ಡಿಎನ್‌ಎಯಲ್ಲಿ ಅದು ಹಲವು ಪ್ರತಿಗಳಾಗಿ ಇರುತ್ತದೆ, ಆದ್ದರಿಂದ ಹುಡುಕುವುದು ಸುಲಭ ಎಂದು ಅಮೆರಿಕ, ಯುರೋಪಿನ ಲೇಖನಗಳು ಹೇಳುತ್ತಿದ್ದವು. ನಮ್ಮ ಕಲ್ಚರಿನಲ್ಲಿ ಚೆನ್ನಾಗಿ ಬೆಳೆದಿದ್ದ, ಸ್ಲೈಡಿನಲ್ಲೂ ಕೆಂಪಾಗಿ ಕಂಡಿದ್ದ ಕೆಲವು ಮಾದರಿಗಳಲ್ಲಿ ಮಾತ್ರ ಬ್ಯಾಂಡೇ ಬರುತ್ತಿರಲಿಲ್ಲ. ಡಿಎನ್‌ಎ ಕೆಟ್ಟಿತೇ, ಕಫದಲ್ಲಿ ಏನಾದರೂ ಅಡ್ಡಿ ಮಾಡುತ್ತಿದೆಯೇ ಎಂದು ತಿಂಗಳುಗಟ್ಟಲೆ ಹುಡುಕಾಡಿದೆವು. 1995ರ ಸುಮಾರಿಗೆ ಮದ್ರಾಸಿನ ರೋಗಿಗಳ ತಳಿಗಳ ಮೇಲಿನ ಕೆಲಸ ಪ್ರಕಟವಾದಾಗ ವಿಷಯ ತಿಳಿಯಿತು: ದಕ್ಷಿಣ ಭಾರತದ ಬಹಳಷ್ಟು ತಳಿಗಳಲ್ಲಿ ಈ ತುಣುಕು ಒಂದೇ ಪ್ರತಿ ಇದೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಬೇರೆ ದೇಶದ ರೋಗಿಗಳ ಮೇಲೆ ಸರಿಯಾಗಿ ನಡೆದ ಪರೀಕ್ಷೆ ತುಮಕೂರು, ಕೋಲಾರದ ರೋಗಿಯನ್ನು ಬಿಟ್ಟುಬಿಡಬಹುದು. ನನ್ನ ಥೀಸಿಸ್‌ನ ಮೂರನೆಯ ಅಧ್ಯಾಯ ಇದರ ಮೇಲೇ ನಿಂತಿತು, ಇನ್ನೊಂದು ಗುರಿಯನ್ನು ಜೊತೆಗೆ ಸೇರಿಸಿಕೊಂಡು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಎಕ್ಸ್‌ಪರ್ಟ್ ಅಲ್ಟ್ರಾ ಪರೀಕ್ಷೆ ಐಎಸ್ 6110ರ ಜೊತೆಗೆ ಐಎಸ್ 1081 ಎಂಬ ಇನ್ನೊಂದು ತುಣುಕನ್ನೂ ಹುಡುಕುತ್ತದೆ. ಅದನ್ನು ಓದಿದ ದಿನ ನನಗೆ ಆದ ಸಂತೋಷ ದೊಡ್ಡದು. ಅದರಲ್ಲಿ ನನ್ನ ಪಾಲೇನೂ ಇಲ್ಲ, ಆದರೆ ನಮ್ಮ ಕಡೆಯ ರೋಗಿ ಲೆಕ್ಕಕ್ಕೆ ಬಂದಿದ್ದ.

ಎಲೈಸಾದ ಕಥೆ ಬೇರೆ, ಮತ್ತು ಅದೇ ಮುಖ್ಯವಾದದ್ದು. ರಕ್ತ ಪರೀಕ್ಷೆ ಎಂದರೆ ಎಲ್ಲರಿಗೂ ಇಷ್ಟ. ಕಫ ಕೊಡಿ ಎಂದರೆ ಜನ ಮುಜುಗರ ಪಡುತ್ತಾರೆ, ಎಂಜಲು ಉಗಿದು ಕೊಡುತ್ತಾರೆ. ರಕ್ತವಾದರೆ ಒಂದು ಸೂಜಿ, ಒಂದು ಗಂಟೆ, ಹಳದಿ ಬಣ್ಣ ಬಂದರೆ ಪಾಸಿಟಿವ್. ಆಗಿನ ಪ್ರಬಂಧಗಳಲ್ಲೆಲ್ಲ ಒಂದೇ ಮಾದರಿಯ ಚಿತ್ರ ಇರುತ್ತಿತ್ತು: ಬಲಕ್ಕೆ ರೋಗಿಗಳ ಚುಕ್ಕಿಗಳು ಎತ್ತರದಲ್ಲಿ, ಎಡಕ್ಕೆ ಕಂಟ್ರೋಲ್ ಚುಕ್ಕಿಗಳು ಕೆಳಗೆ, ನಡುವೆ ನಿರಾಳವಾದ ಜಾಗ. ರೋಗಿಗಳು ಯಾರು? ಸ್ಯಾನಿಟೋರಿಯಂನಲ್ಲಿ ಮಲಗಿದ್ದವರು, ಸ್ಲೈಡಿನಲ್ಲಿ ತುಂಬಾ ರೋಗಾಣು ಕಂಡವರು, ಕಾಯಿಲೆ ಬಲಿತವರು. ಕಂಟ್ರೋಲ್ ಯಾರು? ರಕ್ತದಾನಕ್ಕೆ ಬಂದವರು, ಹಾಸ್ಟೆಲ್ ಹುಡುಗರು, ನಾವೇ. ಯಾವ ಡಾಕ್ಟರೂ ಪರೀಕ್ಷೆಯ ನೆರವಿಲ್ಲದೆಯೇ ಬೇರೆ ಮಾಡಬಹುದಾದ ಎರಡು ಗುಂಪುಗಳವು.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಾಲು ನಿಂತವರು ಈ ಎರಡೂ ಅಲ್ಲ. ಮೂರು ವಾರದಿಂದ ಕೆಮ್ಮುತ್ತಿರುವವರು ಅವರು. ಒಬ್ಬರಿಗೆ ಅಸ್ತಮಾ, ಒಬ್ಬರಿಗೆ ಬೀಡಿಯ ಕೆಮ್ಮು, ಒಬ್ಬರಿಗೆ ನ್ಯುಮೋನಿಯಾ, ಒಬ್ಬರಿಗೆ ಹತ್ತು ವರ್ಷದ ಹಿಂದೆ ಕ್ಷಯ ಬಂದು ವಾಸಿಯಾಗಿದೆ, ಹೆಚ್ಚಿನವರ ದೇಹಕ್ಕೆ ಕ್ಷಯದ ರೋಗಾಣುವಿನ ಪರಿಚಯ ಎಂದೋ ಆಗಿಹೋಗಿದೆ. ನಮ್ಮ ಗೈಡ್ ಸೀನಿಯರ್‌ಗೆ ಒಂದು ದಿನ ಹೇಳಿದರು: ಸಾಲಿನಲ್ಲಿ ನಿಂತವರ ರಕ್ತ ತೆಗೆದುಕೊಂಡು ಬಾ, ಒಬ್ಬರನ್ನೂ ಬಿಡಬೇಡ, ಯಾರಿಗೆ ಏನಿದೆ ಎಂದು ನಿನಗೆ ಗೊತ್ತಿರಬಾರದು. ಅವನು ತಂದ. ಆ ಚಿತ್ರದಲ್ಲಿ ಎರಡೂ ಕಡೆಯ ಚುಕ್ಕಿಗಳು ಒಂದರೊಳಗೊಂದು ಕಲಸಿಹೋಗಿದ್ದವು. ಗೈಡ್ ಅದನ್ನೂ ಥೀಸಿಸ್‌ನಲ್ಲಿ ಹಾಕಿಸಿದರು, ದೊಡ್ಡದಾಗಿ, ಒಂದು ಇಡೀ ಪುಟಕ್ಕೆ. ಆ ಅಧ್ಯಾಯವನ್ನು ಪ್ರಕಟಿಸಲು ಪತ್ರಿಕೆಗಳು ಒಪ್ಪಲಿಲ್ಲ. ಕೆಲಸ ಮಾಡದ ಪರೀಕ್ಷೆಯ ಬಗ್ಗೆ ಓದಲು ಆಗ ಯಾರಿಗೂ ಬೇಕಿರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಲ್ಯಾಬಿನಿಂದ ಆ ವರ್ಷಗಳಲ್ಲಿ ಬಂದ ಅತ್ಯುತ್ತಮ ಕೆಲಸ ಅದು.

ಇದರಲ್ಲಿ ಒಂದು ಲೆಕ್ಕ ಇದೆ, ಬಾಯಲ್ಲೇ ಮಾಡಬಹುದಾದದ್ದು. ಸಾವಿರ ಜನ ಕೆಮ್ಮಿಕೊಂಡು ಬಂದರು ಎನ್ನೋಣ, ಅವರಲ್ಲಿ 50 ಜನಕ್ಕೆ ನಿಜವಾಗಿ ಕ್ಷಯ ಇದೆ. ಪರೀಕ್ಷೆ ಶೇಕಡ 90ರಷ್ಟು ರೋಗಿಗಳನ್ನು ಹಿಡಿಯುತ್ತದೆ, ಶೇಕಡ 90ರಷ್ಟು ರೋಗವಿಲ್ಲದವರನ್ನು ಬಿಡುತ್ತದೆ. ಕೇಳಲು ಚೆನ್ನಾಗಿದೆ. 50ರಲ್ಲಿ 45 ಜನ ಸಿಕ್ಕರು. ಉಳಿದ 950ರಲ್ಲಿ 95 ಜನರಿಗೂ ಪಾಸಿಟಿವ್ ಬಂತು. ಒಟ್ಟು 140 ಪಾಸಿಟಿವ್, ಅವರಲ್ಲಿ 95 ಜನಕ್ಕೆ ಕಾಯಿಲೆಯೇ ಇಲ್ಲ. ಅವರು ಆರು ತಿಂಗಳು ಮಾತ್ರೆ ನುಂಗುತ್ತಾರೆ, ಮನೆಯಲ್ಲಿ ತಟ್ಟೆ ಲೋಟ ಬೇರೆಯಾಗುತ್ತದೆ, ಹೆಣ್ಣುಮಗಳಾದರೆ ಮದುವೆ ನಿಲ್ಲುತ್ತದೆ. ಅವರ ಕೆಮ್ಮಿಗೆ ನಿಜವಾದ ಕಾರಣ ಏನಿತ್ತೋ ಅದಕ್ಕೆ ಔಷಧ ಸಿಗುವುದಿಲ್ಲ. ತಪ್ಪಿಹೋದ ಐದು ಜನ ಇನ್ನೂ ಕೆಮ್ಮುತ್ತಲೇ ಇರುತ್ತಾರೆ.

ಆ ಪ್ರತಿಕಾಯ ಪರೀಕ್ಷೆಗಳು ನಿಜಕ್ಕೂ ಶೇಕಡ 90ನ್ನೂ ಮುಟ್ಟುತ್ತಿರಲಿಲ್ಲ. ಆದರೂ ಅವು ಕಿಟ್‌ಗಳಾಗಿ ಮಾರುಕಟ್ಟೆಗೆ ಬಂದವು, ಸಣ್ಣ ಊರುಗಳ ಖಾಸಗಿ ಲ್ಯಾಬುಗಳವರೆಗೂ ಹೋದವು. 2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪತ್ತೆಗೆ ಈ ವಾಣಿಜ್ಯ ರಕ್ತ ಪರೀಕ್ಷೆಗಳನ್ನು ಬಳಸಲೇಬಾರದು ಎಂದು ಹೇಳಿತು. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಪರೀಕ್ಷೆಗಳು ನಡೆಯುತ್ತಿವೆ ಎಂದು ಅದೇ ಹೇಳಿಕೆಯಲ್ಲಿತ್ತು. ಬಳಕೆಯಲ್ಲಿರುವ ಕ್ಷಯ ಪರೀಕ್ಷೆಯೊಂದನ್ನು ಬೇಡ ಎಂದು ಆ ಸಂಸ್ಥೆ ಹೇಳಿದ್ದು ಅದೇ ಮೊದಲು. ಭಾರತ ಸರ್ಕಾರ 2012ರ ಜೂನ್‌ನಲ್ಲಿ ಅವುಗಳ ತಯಾರಿಕೆ, ಮಾರಾಟ, ಆಮದನ್ನು ನಿಷೇಧಿಸಿತು. ನಮ್ಮ ಸೀನಿಯರ್‌ನ ಆ ಪುಟ ಬರೆದು ಹದಿನೈದು ವರ್ಷಗಳಾದರೂ ಕಳೆದಿದ್ದವು.

ಇನ್ನೂ ಹಳೆಯ ಒಂದು ಕೆಲಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಸಿಕ್ಕಿದ್ದು ಥೀಸಿಸ್ ಮುಗಿಯುವ ಹೊತ್ತಿಗೆ, ಲೈಬ್ರರಿಯ ಹಳೇ ಸಂಪುಟದಲ್ಲಿ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಬ್ಯಾನರ್ಜಿ, ಆ್ಯಂಡರ್ಸನ್ ಕಂಡದ್ದು ಬೇರೆ. ತಮಗೆ ಏನೋ ಆಗಿದೆ ಎಂದು ಬಹುತೇಕ ಎಲ್ಲರಿಗೂ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದುಕೊಂಡು. ಕಫ ನೋಡಿದವರು ಯಾರೂ ಇರಲಿಲ್ಲ. 1962ರ ರಾಷ್ಟ್ರೀಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆಗೆ ಒತ್ತು ಕೊಟ್ಟದ್ದರ ಹಿಂದೆ, ಪ್ರಬಂಧ ಅಚ್ಚಾಗುವ ಮೊದಲೇ ಕೈಗೆ ಬಂದಿದ್ದ ಈ ತಿಳಿವು ಇತ್ತು. ಹೊಸ ಪರೀಕ್ಷೆ ಹುಡುಕುವ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ಓದಬೇಕಾದ ಪ್ರಬಂಧ ಅದು. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಈಗಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಕಾಲಕ್ಕೆ ನಾವು ಕನಸು ಕಂಡದ್ದು ನೆರವೇರಿಬಿಟ್ಟಿದೆ. 2010ರ ಡಿಸೆಂಬರ್‌ನಲ್ಲಿ ಶಿಫಾರಸಾದ ಜೀನ್‌ಎಕ್ಸ್‌ಪರ್ಟ್, ನಮ್ಮ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಎಂದೇ ಹೆಸರಾದದ್ದು, ಎರಡು ಗಂಟೆಯೊಳಗೆ ಕ್ಷಯ ಇದೆಯೇ, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂದು ಎರಡನ್ನೂ ಹೇಳುತ್ತದೆ. ನಮ್ಮ ಮೂರು ಕೋಣೆಗಳೂ ಒಂದು ಕಾರ್ಟ್ರಿಜ್‌ನೊಳಗೆ ಸೇರಿಹೋಗಿವೆ. ಒಮ್ಮೆ ಮುಚ್ಚಿದ ಮೇಲೆ ಅದನ್ನು ತೆರೆಯುವುದೇ ಇಲ್ಲವಾದ್ದರಿಂದ ತುಣುಕು ಹಾರುವ ಭಯವೂ ಇಲ್ಲ. ಅದಕ್ಕೆ ನಿಲ್ಲದ ಕರೆಂಟು, ತಂಪಾದ ಕೋಣೆ ಬೇಕು. ಬ್ಯಾಟರಿಯಲ್ಲೇ ನಡೆಯುವ ಟ್ರೂನ್ಯಾಟ್ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಬೆಳೆದು ಗೋವಾದ ಮೋಲ್‌ಬಯೋ ಕಂಪನಿಯಿಂದ ಹೊರಬಂತು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆಯಿತು. ಕೊರೊನಾ ಕಾಲದಲ್ಲಿ ಅದೇ ಯಂತ್ರ ಕೊರೊನಾ ಪರೀಕ್ಷೆಗೂ ದುಡಿಯಿತು. ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಅದನ್ನು ಕಂಡಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಅವಳ ಥೀಸಿಸ್ ನಾಲಿಗೆಯ ಮೇಲಿನ ಸ್ವಾಬಿನ ಬಗ್ಗೆ. ಕಫ ಬಾರದವರಿಂದ, ಮಕ್ಕಳಿಂದ, ನಾಲಿಗೆಯನ್ನು ಒರೆಸಿ ತೆಗೆದ ಮಾದರಿಯಲ್ಲೇ ರೋಗಾಣುವಿನ ಡಿಎನ್‌ಎ ಸಿಗುತ್ತದೆಯೇ ಎಂಬ ಪ್ರಶ್ನೆ. ಅವಳು ಕಲಿಸುವುದನ್ನು ನಾನು ಹೊರರೋಗಿ ವಿಭಾಗದಲ್ಲಿ ನೋಡಿದ್ದೇನೆ. 'ಅಜ್ಜಿ, ನಾಲಿಗೆ ಚಾಚಿ, ಇನ್ನೂ ಚಾಚಿ' ಎಂದು ಸ್ವಾಬನ್ನು ನಾಲಿಗೆಯ ಹಿಂಭಾಗದವರೆಗೆ ಒಯ್ದು, ಒತ್ತಿ, ತಿರುಗಿಸುತ್ತಾ ಉಜ್ಜಿ ತೆಗೆಯುತ್ತಾಳೆ. ಮೆಲ್ಲಗೆ ಸವರಿದರೆ ಜೊಲ್ಲು ಮಾತ್ರ ಬರುತ್ತದೆ, ರೋಗಾಣು ಬರುವುದಿಲ್ಲ. ನರ್ಸ್‌ಗಳಿಗೆ ಎಷ್ಟು ಒತ್ತಬೇಕು ಎಂದು ತೋರಿಸಲು ಅವರ ಅಂಗೈ ಮೇಲೇ ಸ್ವಾಬ್ ಒತ್ತಿ ತೋರಿಸುತ್ತಾಳೆ. ಸ್ಲೈಡು ಹರಡಲು ಹಳದಿ ಭಾಗ ಆರಿಸುತ್ತಿದ್ದ ನಮ್ಮ ಟೆಕ್ನಿಷಿಯನ್ ಮಾಡುತ್ತಿದ್ದದ್ದೂ ಇದೇ ಜಾತಿಯ ಕೆಲಸ.

ಅವಳ ಕೆಲಸ ಶುರುವಾದದ್ದು ಬೆಂಚಿನ ಮೇಲಲ್ಲ, ಕಾಗದದ ಮೇಲೆ. ಯಾರನ್ನು ಸೇರಿಸಿಕೊಳ್ಳಬೇಕು, ಎಷ್ಟು ಜನ, ಯಾವ ಫಲಿತಾಂಶಕ್ಕೆ ಹೋಲಿಸಬೇಕು, ಓದುವವರಿಗೆ ಏನು ಗೊತ್ತಿರಬಾರದು ಎಂದು ಮೊದಲೇ ಬರೆದು, ಸಂಖ್ಯಾಶಾಸ್ತ್ರದವರಿಗೆ ತೋರಿಸಿ, ನೈತಿಕ ಸಮಿತಿಯ ಮುಂದೆ ನಿಂತು ಒಪ್ಪಿಗೆ ತಂದಳು. ಒಪ್ಪಿಗೆ ಪತ್ರ ಕನ್ನಡ, ಉರ್ದು, ತಮಿಳು, ತೆಲುಗಿನಲ್ಲಿದೆ. ಅಕ್ಷರ ಬಾರದವರಿಗೆ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾಳೆ. ನಾವು ಆಸ್ಪತ್ರೆಯಿಂದ ಉಳಿದ ಕಫವನ್ನು ಐಸ್ ಡಬ್ಬಿಯಲ್ಲಿ ತರುತ್ತಿದ್ದೆವು. ಅದು ಯಾರದ್ದು ಎಂದು ನಮಗೆ ಗೊತ್ತಿರಲಿಲ್ಲ, ನಾವು ತೆಗೆದುಕೊಂಡೆವೆಂದು ಅವರಿಗೂ ಗೊತ್ತಿರಲಿಲ್ಲ. ಈಗಿನ ಈ ಒಪ್ಪಿಗೆ, ಬರಹಗಳನ್ನು ಕಾಗದದ ಕಾಟ ಎಂದು ನನ್ನ ಓರಗೆಯವರು ಗೊಣಗುವುದುಂಟು. ನಾನು ಒಪ್ಪುವುದಿಲ್ಲ. ಸಾಲಿನಲ್ಲಿ ನಿಂತವರೆಲ್ಲರನ್ನೂ ಒಬ್ಬರನ್ನೂ ಬಿಡದೆ ಸೇರಿಸಿಕೊಳ್ಳಬೇಕು ಎಂದು ನಮ್ಮ ಗೈಡ್ ಹಟ ಹಿಡಿದು ಮಾಡಿಸಿದ್ದು ಈಗ ನಿಯಮವಾಗಿದೆ. ಗೈಡ್ ಒಳ್ಳೆಯವರು ಸಿಕ್ಕದ ವಿದ್ಯಾರ್ಥಿಗೂ ಅದು ಸಿಗುತ್ತದೆ.

ಕಳೆದುಕೊಂಡದ್ದು ಇಲ್ಲವೆಂದಲ್ಲ. ಕ್ಷಯದ ಮೇಲೆ ಮೂರು ವರ್ಷ ಕೆಲಸ ಮಾಡಿಯೂ ರೋಗಾಣುವನ್ನು ಕಣ್ಣಾರೆ ಕಾಣದ ವಿದ್ಯಾರ್ಥಿಗಳಿದ್ದಾರೆ. ಕಾರ್ಟ್ರಿಜ್ ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಕಂಪನಿಯ ಬ್ರೋಷರ್‌ನ ಮಾತು ಬರುತ್ತದೆ. ಯಂತ್ರ 'ಎರರ್' ಎಂದರೆ ಎಂಜಿನಿಯರ್ ಬರುವವರೆಗೆ ಎಲ್ಲರೂ ಕಾಯುತ್ತಾರೆ. ಅವಳನ್ನು ಒಂದು ವಾರ ಸ್ಲೈಡು ನೋಡಲು ಕೂರಿಸಿ ಎಂದು ಸಮಿತಿಯಲ್ಲಿ ಹೇಳಿದವಳು ನಾನು. ಮೊದಲ ಕೆಂಪು ಕಡ್ಡಿ ಸಿಕ್ಕಾಗ ಪಕ್ಕದವರನ್ನೆಲ್ಲ ಕರೆದು ತೋರಿಸಿದಳಂತೆ.

ಇನ್ನು ಕೆಲವು ಗಂಟುಗಳು ಆಗಲೂ ಇದ್ದವು, ಈಗಲೂ ಇವೆ. ಸ್ವಾಬಿನಲ್ಲಿ ಡಿಎನ್‌ಎ ಸಿಕ್ಕಿತು, ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ತಪ್ಪು ಯಾರದ್ದು? ಹಿಂದೆ ಚಿಕಿತ್ಸೆ ಪಡೆದವರಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಉಳಿದಿರಬಹುದು. ಅಥವಾ ಪರೀಕ್ಷೆ ಸರಿ ಇದ್ದು, ಕಲ್ಚರ್ ತಪ್ಪಿರಬಹುದು. ಮಕ್ಕಳಲ್ಲಂತೂ ಹೋಲಿಸಲು ನಂಬಿಕೆಯ ಅಳತೆಗೋಲೇ ಇಲ್ಲ. ಕ್ಷಯ ಇರುವ ಎಷ್ಟೋ ಮಕ್ಕಳಲ್ಲಿ ಕಲ್ಚರೂ ನೆಗೆಟಿವ್. ಇಂಥಲ್ಲಿ ಒಂದೇ ದಾರಿ, ಅವರನ್ನು ಬಿಡದೆ ಹಿಂಬಾಲಿಸುವುದು: ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ನೋಡಿ, ತೂಕ ಏರಿದೆಯೇ, ಕೆಮ್ಮು ಹೋಗಿದೆಯೇ, ಎಕ್ಸ್‌ರೇ ಏನು ಹೇಳುತ್ತದೆ ಎಂದು ಬರೆದುಕೊಳ್ಳುವುದು.

ಕಳೆದ ಸಭೆಯಲ್ಲಿ ಅವಳ ಕೋಷ್ಟಕದಲ್ಲಿ ಆರನೇ ತಿಂಗಳಿಗೆ ಬಂದವರ ಸಂಖ್ಯೆ ತೀರಾ ಕಡಿಮೆ ಇತ್ತು. ಯಾಕೆ ಎಂದು ಕೇಳಿದೆ. ಪಾವಗಡ, ಮಧುಗಿರಿ ಕಡೆಯಿಂದ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಬರಬೇಕು ಮೇಡಂ, ಒಂದು ದಿನದ ಕೂಲಿ ಹೋಗುತ್ತದೆ, ಮಗು ಚೆನ್ನಾಗಿದ್ದರೆ ಯಾಕೆ ಬರುತ್ತಾರೆ, ಚೆನ್ನಾಗಿಲ್ಲದಿದ್ದರೆ ಹತ್ತಿರದ ಡಾಕ್ಟರ ಹತ್ತಿರ ಹೋಗುತ್ತಾರೆ ಎಂದಳು. ಪ್ರಾಜೆಕ್ಟ್ ಬಜೆಟ್ಟಿನಲ್ಲಿ ಯಂತ್ರಕ್ಕೆ, ಕಾರ್ಟ್ರಿಜ್‌ಗೆ, ಕಂಪ್ಯೂಟರ್‌ಗೆ ಸಾಲುಗಳಿದ್ದವು. ಬಂದವರ ಪ್ರಯಾಣ ಮತ್ತು ಕೂಲಿಗೆ ಇರಲಿಲ್ಲ. ಆ ಸಾಲನ್ನು ಸೇರಿಸಬೇಕು, ಅದು ಆಗುವವರೆಗೆ ಅವಳೇ ಆ ಊರುಗಳಿಗೆ ಹೋಗಿ ನೋಡಿ ಬರಲು ವಾಹನ ಕೊಡಬೇಕು ಎಂದು ನಡಾವಳಿಯಲ್ಲಿ ಬರೆಸಿ ಎಲ್ಲರೂ ಸಹಿ ಮಾಡಿದೆವು. ಮುಂದಿನ ವಾರ ಅವಳು ಪಾವಗಡಕ್ಕೆ ಹೊರಟಿದ್ದಾಳೆ, ತೂಕದ ಯಂತ್ರ ಮತ್ತು ಹೆಸರುಗಳ ಪಟ್ಟಿ ಹಿಡಿದುಕೊಂಡು.